ಕೈ ಬಿಟ್ಟಾಗ

ಬೀಗದ ಕೈ ನನ್ನದು, ಬಾಯ್ಲರೂ ನನ್ನದೇ.
ಬಾಸ್ಕೆಟ್‌ಬಾಲ್ ಹುಡುಗರು ಬೆವರಿನ ವಾಸನೆ ಬಿಟ್ಟು ಹೋದ ಮೇಲೆ
ರಾತ್ರಿ ಎಂಟಕ್ಕೆ ಜೆಂಟಾ ಬರುತ್ತಾಳೆ,
ಬೂಟಿನ ಹಿಮ ಹೊಸಿಲಲ್ಲೇ ಕೊಡವಿ,
ಕಿಟಕಿಯಷ್ಟಗಲದ ರಟ್ಟಿನ ಪೆಟ್ಟಿಗೆ ಎದೆಗವಚಿಕೊಂಡು.

ಒಳಗಿದ್ದದ್ದು ಅರವತ್ತೆಂಟು ಗ್ರಾಂ ವಿಮಾನ.
ಬ್ಯಾಟರಿಯೂ ಸೇರಿ, ಎಂದಳು ಮೊದಲ ದಿನ,
ಒಂದು ಕೋಳಿಮೊಟ್ಟೆಯಷ್ಟು.
ಬೀಳಿಸಿದರೆ ಎರಡೂ ಒಂದೇ.

ನಲವತ್ತು ವರ್ಷ ರೂಯಿಯೆನಾದ ಗಡಿಯಾರಗಳ ಹೊಟ್ಟೆ ಬಿಚ್ಚಿದ ಕೈ;
ಈಗ ಚಮಚ ತುಟಿ ಸೇರುವ ಮೊದಲೇ ಸಾರು ಚೆಲ್ಲುತ್ತದೆ.
ಸರ್ವೊಗೆ ಕೂದಲೆಳೆಯ ಕಾರ್ಬನ್ ಕಡ್ಡಿ ಸಿಕ್ಕಿಸುವಾಗ ಮಾತ್ರ ನಡುಗುವುದಿಲ್ಲ.
ಯಾಕೆ? ಕೇಳಿದೆ.
ಅದಕ್ಕೆ ಆಗ ಪುರುಸೊತ್ತಿರುವುದಿಲ್ಲ, ಎಂದಳು.

ನನಗೆ ತಿಳಿದದ್ದು ಇಷ್ಟು:
ವಿಮಾನ ತಾನಾಗಿ ಏನೂ ಮಾಡಬಾರದು.
ಮಗುಚಿ ಕೈ ಬಿಟ್ಟರೆ ಮಗುಚಿಕೊಂಡೇ ಹೋಗಬೇಕು;
ಮೂಗು ತಗ್ಗಿಸಿತೋ, ಬ್ಯಾಟರಿ ಹಿಂದಕ್ಕೆ,
ಗೋಧಿಕಾಳಿನಷ್ಟು, ಆಮೇಲೆ ಅರ್ಧ ಕಾಳಿನಷ್ಟು.
ಪಕ್ಕಕ್ಕೆ ಒರಗಿಸಿ ಕತ್ತಿಯ ಅಲಗಿನಂತೆ ಸಾಗಿಸಿದರೆ
ಹೊಟ್ಟೆಯ ಕಡೆಗೆ ಬಾಗುತ್ತಿತ್ತು, ಊಟ ಹೆಚ್ಚಾದವರ ಹಾಗೆ.
ಅದಕ್ಕೆ ರೇಡಿಯೊದಲ್ಲೊಂದು ಗುಟ್ಟಿನ ಒಪ್ಪಂದ:
ಚುಕ್ಕಾಣಿ ಹೊರಳಿದಾಗಲೆಲ್ಲ ಬಾಲದ ಪಟ್ಟಿ
ನೂರಕ್ಕೆ ನಾಲ್ಕು ಪಾಲು ಏಳಬೇಕು,
ಯಾರೂ ಹೇಳದೆ.

ಕೋಲಿನ ನಡುಭಾಗವನ್ನು ಮೆತ್ತಗೆ ಮಾಡಿದ್ದಾಳೆ.
ಬೆರಳು ಗೊಣಗಿದರೆ ವಿಮಾನಕ್ಕೆ ಕೇಳಿಸದು,
ಗಟ್ಟಿಯಾಗಿ ಹೇಳಿದರೆ ಮಾತ್ರ ತಿರುಗುತ್ತದೆ.
ಈ ಚಳಿಗಾಲ ನೂರಕ್ಕೆ ನಲವತ್ತೈದು ಮೆತ್ತಗೆ.
ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ, ಹೋದ ವರ್ಷದ್ದು, ಮೂವತ್ತು.
ನಾನು ಪುಟ ಮುಚ್ಚಿದೆ.

ನೆಟ್ಟಗೆ ಮೇಲೇರುವುದೊಂದೇ ಹದಕ್ಕೆ ಬರಲಿಲ್ಲ.
ಬಾಸ್ಕೆಟ್‌ಬಾಲಿನ ಬುಟ್ಟಿಯ ಕೆಳಗಿನಿಂದ ಎಬ್ಬಿಸಿ ಕೈ ಬಿಟ್ಟರೆ
ಸೂರು ಹತ್ತಿರವಾಗುವಷ್ಟರಲ್ಲಿ ಕಿಟಕಿಯ ಕಡೆಗೆ ವಾಲುತ್ತಿತ್ತು,
ಒಂದು ಗೇಣು.
ಮೋಟಾರಿನ ಹಿಂದೆ ಕಾಗದದ ಬಿಲ್ಲೆ ಇಟ್ಟು ಮೂತಿ ಓರೆ ಮಾಡಿದಳು.
ಮರುವಾರ ಇನ್ನೊಂದು ಬಿಲ್ಲೆ.
ಮೂರನೆಯ ವಾರ ಏರಿತು ನೋಡಿ,
ಜೇಡ ತನ್ನದೇ ನೂಲು ಹತ್ತಿದಂತೆ!
ಆ ರಾತ್ರಿ ಥರ್ಮಾಸಿನ ಕಾಫಿಯಲ್ಲಿ ನನಗೂ ಪಾಲು ಬಂತು.

ಜನವರಿಯ ಕೊನೆಗೆ ಬಿಸಿಗಾಳಿಯ ಫ್ಯಾನಿನ ಬೆಲ್ಟು ಹರಿಯಿತು.
ಹೊರಗೆ ಸೊನ್ನೆಗಿಂತ ಹದಿನೇಳು ಕೆಳಗೆ.
ಹನ್ನೆರಡು ವರ್ಷದಲ್ಲಿ ಮೊದಲ ಸಲ ಆ ಹಾಲ್ ತೆಪ್ಪಗಿತ್ತು,
ಟ್ಯೂಬ್‌ಲೈಟು ಗುಂಯ್‌ಗುಡುವುದೂ ಕೇಳುವಷ್ಟು.
ಕೋಟು ತೆಗೆಯದೆ, ಬೆರಳು ಕತ್ತರಿಸಿದ ಕೈಚೀಲದಲ್ಲಿ
ಅವಳು ಎಬ್ಬಿಸಿದಳು.
ವಿಮಾನ ಗೋಡೆಗಡಿಯಾರದ ಕಡೆಗೆ ವಾಲಿತು.
ಒಂದು ಗೇಣು.
ಮತ್ತೆ ಎಬ್ಬಿಸಿದಳು. ಮತ್ತೆ ಗಡಿಯಾರ.

ಬಯ್ಯಲಿಲ್ಲ. ಬಂದು ಗೋಡೆಯ ಜಾಲರಿಗೆ ಅಂಗೈ ಒಡ್ಡಿದಳು,
ಏನೂ ಬೀಸದ ಜಾಲರಿಗೆ,
ತುಂಬಾ ಹೊತ್ತು.
‘ಎರ್ವಿನ್ಸ್, ಮೂರು ವಾರದಿಂದ ನಾನು ತಿದ್ದುತ್ತಿದ್ದದ್ದು
ನಿನ್ನ ಬಾಯ್ಲರನ್ನು.’
ಬಾಯ್ಲರಿನ ಪರವಾಗಿ ನಾನು ತಲೆ ತಗ್ಗಿಸಿದೆ.

ಎರಡೂ ಬಿಲ್ಲೆ ಹೊರಗೆ ಬಂದವು.
ಬುಟ್ಟಿಯ ಕೆಳಗೆ, ಅದೇ ಜಾಗ.
ಎಬ್ಬಿಸಿ ಹೆಬ್ಬೆರಳೆರಡನ್ನೂ ಕೋಲಿನಿಂದೆತ್ತಿ ಗಾಳಿಯಲ್ಲಿ ಹಿಡಿದಳು.
ನಮ್ಮ ಉಸಿರು ಬಿಳಿಯಾಗಿ ಕಾಣುತ್ತಿತ್ತು, ಅದರ ದಾರಿ ಕಾಣಲಿಲ್ಲ;
ಗೆರೆಯೆಳೆದಂತೆ ಹೋಯಿತು, ಅಷ್ಟೇ.
ಹೆಬ್ಬೆರಳು ನಡುಗುತ್ತಿದ್ದವು.

ಹೊಸ ಬೆಲ್ಟು ಸೋಮವಾರವೇ ಬಂತು.
ಸ್ವೆಟರು ತೊಟ್ಟು ಚೆಂಡಾಡಿದ ಹುಡುಗರು ದೂರು ಕೊಟ್ಟರು.
ವಲ್ಮಿಯೆರಾದಿಂದ ಬರಬೇಕು ಸಾರ್, ಎಂದೆ ಹೆಡ್‌ಮಾಸ್ಟರಿಗೆ,
ಡ್ರಾಯರಿಗೆ ಮೊಣಕಾಲು ಒತ್ತಿಟ್ಟುಕೊಂಡು.
ಜೆಂಟಾಳ ದಿನ ಗುರುವಾರ.